ಪದಚರ್ಚೆ: ವಾರ್ಸಾ ಫಲಕಕ್ಕೆ "ಗಡೀಪಾರು" ಹೊಂದುತ್ತದೆಯೇ?

ಗೆಳೆಯರೇ,

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರ ವಶದಲ್ಲಿದ್ದ ವಾರ್ಸಾ ನಗರದ ಯಹೂದಿಗಳ ಬಗೆಗಿನ ಚಿತ್ರಪ್ರದರ್ಶನವೊಂದಕ್ಕೆ ಕನ್ನಡ ಫಲಕಗಳನ್ನು ಬರೆದುಕೊಡುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಕೊಡಬೇಕಾಗಿದೆ. 1942ರ ಜುಲೈ 22ರಿಂದ ಸೆಪ್ಟೆಂಬರ್ 21ರವರೆಗೆ ಸುಮಾರು 2,65,000 ಜನರನ್ನು ರೈಲಿನಲ್ಲಿ, ಜರ್ಮನರ ಕೊಲೆಶಿಬಿರವಿದ್ದ ಟ್ರೆಬ್ಲಿಂಕಾಕ್ಕೆ ಒಯ್ದ ಸಂಗತಿಯನ್ನು ಹೇಳುವ ಫಲಕದ ತಲೆಬರಹ ಇಂಗ್ಲಿಷ್ ಮೂಲದಲ್ಲಿ "ಡಿಪೋರ್ಟೇಶನ್" ಎಂದಿದೆ. ನಿಘಂಟಿನಲ್ಲಿ ಗಡೀಪಾರು ಸಿಗುತ್ತದೆ, ಆದರೆ ಬರೆದು ಓದಿಕೊಂಡರೆ ಮನಸ್ಸು ಒಪ್ಪುತ್ತಿಲ್ಲ. ಯಹೂದಿಗಳನ್ನು ಕೂಡಿಹಾಕಿದ್ದ ಪ್ರದೇಶಕ್ಕಿರುವ "ಗೆಟ್ಟೊ" ಎಂಬ ಹೆಸರನ್ನು ಹಾಗೆಯೇ ಇಡಬಹುದೇ ಅಥವಾ ಕೇರಿ ಎನ್ನಬೇಕೇ? 1943ರ ಏಪ್ರಿಲ್‌ನ ಫಲಕಕ್ಕೆ "ವಾರ್ಸಾ ದಂಗೆ" ಎಂದು ಹಾಕಿದ್ದೇನೆ, ಅದನ್ನೂ ನೋಡಿ ಹೇಳಿ. ತಲೆಬರಹಕ್ಕೆ ಮೂರು ಪದಗಳಿಗಿಂತ ಹೆಚ್ಚು ಜಾಗವಿಲ್ಲ.

ಮರು:

ಗಡೀಪಾರು ಬೇಡವೇ ಬೇಡ. ಗಡಿ ಕನ್ನಡ, ಪಾರ ಸಂಸ್ಕೃತ, ಒಟ್ಟಿಗೆ ಅರಿಸಮಾಸ. ಅದೂ ಮರಾಠಿಯ ಹದ್ದಪಾರವನ್ನು ನೋಡಿ ಕಟ್ಟಿದ್ದು. "ಹೊರದೂಡಿಕೆ" ಎಂದು ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ. ಗೆಟ್ಟೊಗೆ ಶಾಸನಗಳ ಕಾಲದಿಂದ ನಮ್ಮಲ್ಲಿರುವ ಕೇರಿ ಸಾಕು. ವೆನಿಸ್ಸಿನ ಯಾವುದೋ ಎರಕಶಾಲೆಯ ಹೆಸರನ್ನು ಕನ್ನಡ ಏಕೆ ಹೊರಬೇಕು? ದಂಗೆ ಸರಿಯಾಗಿದೆ. ಮನೆಯಲ್ಲಿ ಪದವಿರುವಾಗ ಎರವಲಿಗೆ ಕೈಚಾಚುವುದು ಸೋಮಾರಿತನ.

ಮರು:

ಮೇಡಂ,

ತಲೆಬರಹಕ್ಕೆ "ಸಾವಿನ ಶಿಬಿರಕ್ಕೆ ಸಾಗಣೆ" ಎಂದು ಹಾಕಿ. ಒಳಗಿನ ವಾಕ್ಯಗಳಲ್ಲಿ "ಸಾಗಿಸಿದರು", "ಸಾಗಹಾಕಿದರು" ಎಂಬ ಕ್ರಿಯಾಪದಗಳನ್ನು ಬಳಸಿ. ಗೆಟ್ಟೊ ಗೆಟ್ಟೊ ಆಗಿಯೇ ಇರಲಿ. ದಂಗೆಯನ್ನು ತೆಗೆದು ಬಂಡಾಯ ಎನ್ನಿ. ಅವಸರದಲ್ಲಿದ್ದರೆ ಇಷ್ಟು ಸಾಕು. ಕಾರಣಗಳನ್ನು ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಮೇಲಿನ ಉತ್ತರ ಪದಗಳ ಹುಟ್ಟನ್ನು ವಿಚಾರಿಸಿದೆಯೇ ಹೊರತು ಅವು ಯಾವ ಕೃತ್ಯವನ್ನು ಹೆಸರಿಸಬೇಕಾಗಿದೆ ಎಂಬುದನ್ನು ವಿಚಾರಿಸಿಲ್ಲ.

ಅರಿಸಮಾಸದ ಆಕ್ಷೇಪ ನಿಲ್ಲುವುದಿಲ್ಲ. ಪಾರು ತದ್ಭವ, ತದ್ಭವದೊಡನೆ ಕನ್ನಡ ಪದ ಕೂಡಿದರೆ ಕೇಶಿರಾಜನದೂ ತಕರಾರಿಲ್ಲ. ಗಡೀಪಾರು ಬೇಡವೆನ್ನಲು ಕಾರಣ ಬೇರೆಯಿದೆ. ನಮ್ಮ ಪತ್ರಿಕೆಗಳಲ್ಲಿ ಗಡೀಪಾರಾಗುವವನು ಪೊಲೀಸರ ರೌಡಿಪಟ್ಟಿಯಲ್ಲಿರುವವನು, ಇಲ್ಲವೇ ಆಳುವವರಿಗೆ ಬೇಡವಾದ ರಾಜಕೀಯ ಕೈದಿ. 1908ರಲ್ಲಿ ತಿಲಕರನ್ನು ಮಂಡಾಲೆಗೆ ಕಳಿಸಿದ್ದನ್ನು ಹಾಗೆಯೇ ಕರೆಯುತ್ತೇವೆ. ಆ ಪದದ ಬೆನ್ನಿಗೆ ಒಂದು ಆಪಾದನೆ, ಒಂದು ಆದೇಶ, ದಾಟಬೇಕಾದ ಒಂದು ಗಡಿ, ಅವಧಿ ಮುಗಿದ ಮೇಲೆ ಮರಳಿ ಬರುವ ಸಾಧ್ಯತೆ ಇಷ್ಟೂ ಇರುತ್ತವೆ. ವಾರ್ಸಾದ ಯಹೂದಿಗಳ ಮೇಲೆ ಯಾವ ಆಪಾದನೆಯೂ ಇರಲಿಲ್ಲ. ಟ್ರೆಬ್ಲಿಂಕಾ ಇದ್ದದ್ದು ಸುಮಾರು 80 ಕಿ.ಮೀ. ದೂರದಲ್ಲಿ, ಜರ್ಮನರು "ಜನರಲ್ ಗವರ್ನಮೆಂಟ್" ಎಂದು ಕರೆದ ಅದೇ ಆಕ್ರಮಿತ ಪ್ರದೇಶದ ಒಳಗೆ, ಆದ್ದರಿಂದ ಅವರು ಯಾವ ಗಡಿಯನ್ನೂ ದಾಟಲಿಲ್ಲ. ಅಲ್ಲಿ ಇಳಿದವರಲ್ಲಿ ಬಹುಪಾಲು ಜನರನ್ನು ಕೆಲವೇ ಗಂಟೆಗಳಲ್ಲಿ ವಿಷಾನಿಲದ ಕೋಣೆಗಳಲ್ಲಿ ಕೊಲ್ಲಲಾಯಿತು. ಹೊರದೂಡಿಕೆಯ ದೋಷವೂ ಇದೇ. ಹೊರಗೆ ದೂಡಿದರು ಎಂದರೆ ಬದುಕಲು ಹೊರಗೊಂದು ಜಾಗ ಇತ್ತೆಂದು ಓದುವವನು ಭಾವಿಸುತ್ತಾನೆ.

ಹಾಗೆ ಭಾವಿಸಲಿ ಎಂಬುದೇ ಕೊಂದವರ ಉದ್ದೇಶವೂ ಆಗಿತ್ತು. ಆಡಳಿತ ಬಳಸಿದ ಅಧಿಕೃತ ಪದ "ಉಮ್‌ಸೀಡ್ಲುಂಗ್", ಕನ್ನಡದಲ್ಲಿ ಪುನರ್ವಸತಿ. ಜುಲೈ 22ರಂದು ಗೆಟ್ಟೊದ ಗೋಡೆಗಳ ಮೇಲೆ ಅಂಟಿಸಿದ ಪ್ರಕಟಣೆಯ ಪ್ರಕಾರ ಯಹೂದಿಗಳನ್ನು "ಪೂರ್ವಕ್ಕೆ" ಕಳಿಸಿ ನೆಲೆಗೊಳಿಸಲಾಗುವುದು, ತಲೆಗೆ 15 ಕಿಲೊ ಸಾಮಾನು, ಬೆಲೆಬಾಳುವ ವಸ್ತುಗಳು ಮತ್ತು ಮೂರು ದಿನಗಳ ಬುತ್ತಿಯನ್ನು ಜೊತೆಗೆ ತರಬಹುದು. ಜರ್ಮನರು ನೇಮಿಸಿದ್ದ ಯಹೂದಿ ಮಂಡಳಿಯ ಅಧ್ಯಕ್ಷ ಆಡಮ್ ಚೆರ್ನಿಯಾಕುವ್ ಮರುದಿನ ವಿಷ ಸೇವಿಸಿ ಪ್ರಾಣಬಿಟ್ಟರು. ತಾವಾಗಿ ಬರುವವರಿಗೆ ಮೂರು ಕಿಲೊ ಬ್ರೆಡ್, ಒಂದು ಕಿಲೊ ಜಾಮ್ ಕೊಡಲಾಗುವುದೆಂಬ ಇನ್ನೊಂದು ಪ್ರಕಟಣೆ ಜುಲೈ ಮುಗಿಯುವ ಹೊತ್ತಿಗೆ ಹೊರಬಿತ್ತು. ದಿನಕ್ಕೆ 200 ಕ್ಯಾಲೊರಿಗಿಂತ ಕಡಿಮೆ ಪಡಿತರದಲ್ಲಿ ಜೀವ ಹಿಡಿದಿದ್ದ ಜನ ಆ ಬ್ರೆಡ್ಡಿಗಾಗಿ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಸ್ಟಾವ್ಕಿ ಬೀದಿಯ ರೈಲು ಅಂಗಳಕ್ಕೆ ನಡೆದು ಬಂದರು. ಆ ಅಂಗಳವನ್ನು ಜರ್ಮನರು ಕರೆಯುತ್ತಿದ್ದುದು "ಉಮ್‌ಶ್ಲಾಗ್‌ಪ್ಲಾಟ್ಸ್" ಎಂದು, ಅಂದರೆ ಸರಕು ಇಳಿಸಿ ಏರಿಸುವ ಜಾಗ. ನಾವು ಸಾಗಣೆ ಎನ್ನುವುದೂ ಸರಕಿಗೆ, ಮರಳಿಗೆ, ಜಾನುವಾರಿಗೆ. ಮನುಷ್ಯರ ಬಗ್ಗೆ ಆ ಪದವನ್ನು ಓದುವಾಗ ಕಸಿವಿಸಿಯಾಗಲೇಬೇಕು, ಆಗಲಿ. ಸಾಗಹಾಕು ಎಂಬುದರಲ್ಲಿ ಕಣ್ಣೆದುರಿನಿಂದ ತೊಲಗಿಸುವ ಅರ್ಥವೂ ಸೇರಿಕೊಂಡಿದೆ, ಇಲ್ಲಿಗೆ ಅದು ಬೇಕು.

ಪುನರ್ವಸತಿ, ಸ್ಥಳಾಂತರ ಎಂಬ ಪದಗಳು ನಿಮ್ಮ ಸ್ವಂತ ವಾಕ್ಯದಲ್ಲಿ ಎಲ್ಲಿಯೂ ಬರಕೂಡದು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರಿಗೆ ನಿವೇಶನ ಹಂಚಿದ ಜಾಗವನ್ನು ನಾವು ಪುನರ್ವಸತಿ ಕೇಂದ್ರ ಎನ್ನುತ್ತೇವೆ. ಅಲ್ಲಿ ಎಷ್ಟೇ ಅನ್ಯಾಯ ನಡೆದಿರಲಿ, ವಸತಿ ಎಂಬುದಕ್ಕೆ ಅಲ್ಲಿ ಅರ್ಥವಿದೆ. ಪ್ರಕಟಣೆಯ ಮಾತನ್ನು ಎತ್ತಿ ಹೇಳಬೇಕಾದಾಗ ಮಾತ್ರ ಪುನರ್ವಸತಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಅದು ಯಾರ ಮಾತೆಂಬುದನ್ನು ಅದೇ ವಾಕ್ಯದಲ್ಲಿ ಹೇಳಿಬಿಡಿ. ಇಂಥ ಪದಗಳನ್ನು ಅವರು ಎಷ್ಟು ಎಚ್ಚರದಿಂದ ಆಯುತ್ತಿದ್ದರು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1943ರಲ್ಲಿ ಅಂಕಿಅಂಶ ತಜ್ಞ ರಿಚರ್ಡ್ ಕೊರ್‌ಹೆರ್ ಸಿದ್ಧಪಡಿಸಿದ ವರದಿಯಲ್ಲಿ ಕೊಲೆಗೆ "ವಿಶೇಷ ಉಪಚಾರ" ಎಂಬ ಪದವಿತ್ತು. ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಅದನ್ನೂ ತೆಗೆಸಿ, ಯಹೂದಿಗಳನ್ನು ರಷ್ಯದ ಪೂರ್ವಭಾಗಕ್ಕೆ ಸಾಗಿಸಲಾಯಿತು ಎಂಬ ಅರ್ಥದ ಮಾತನ್ನು ಸೇರಿಸಿದ. ಇದನ್ನು ತೋರಿಸಿ, ಸಾಗಣೆಯೂ ಅವರ ಪದವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದ್ದರಿಂದಲೇ ಬರೀ "ಸಾಗಣೆ" ಎನ್ನದೆ "ಸಾವಿನ ಶಿಬಿರಕ್ಕೆ" ಎಂಬ ಚತುರ್ಥಿ ವಿಭಕ್ತಿಯನ್ನು ಬಿಡಬೇಡಿ ಎನ್ನುತ್ತಿದ್ದೇನೆ. ಅವರು ಮರೆಮಾಚಿದ್ದು ಆ ಚತುರ್ಥಿಯನ್ನೇ.

ಅದನ್ನು ಬಯಲು ಮಾಡಿದವರು ಯಹೂದಿಗಳೇ. ಬುಂಡ್ ಎಂಬ ಯಹೂದಿ ಕಾರ್ಮಿಕ ಪಕ್ಷದ ಗುಪ್ತ ಸಂಘಟನೆಯು ಜಾಲ್ಮನ್ ಫ್ರೀಡ್ರಿಖ್ ಎಂಬ ತನ್ನ ಕಾರ್ಯಕರ್ತನನ್ನು ರೈಲುಗಳ ಜಾಡು ಹಿಡಿದು ಹೋಗಲು ಕಳಿಸಿತು. ಆತ ಸೊಕೊಲುವ್ ಊರಿನವರೆಗೆ ಹೋಗಿ ವಿಚಾರಿಸಿದಾಗ, ಜನ ತುಂಬಿದ ರೈಲುಗಳು ಟ್ರೆಬ್ಲಿಂಕಾದ ಕವಲುಹಳಿಗೆ ಹೋಗುತ್ತವೆ, ಖಾಲಿಯಾಗಿ ಹಿಂತಿರುಗುತ್ತವೆ, ಆಹಾರ ಹೊತ್ತ ರೈಲು ಆ ಕಡೆಗೆ ಒಂದೂ ಹೋಗಿಲ್ಲ ಎಂಬುದು ತಿಳಿಯಿತು. ಊಟವಿಲ್ಲದ "ವಸತಿ" ಏನಿರಬಹುದೆಂದು ಸಂಘಟನೆಯವರು ಗ್ರಹಿಸಿದರು. ನಿಮ್ಮ ಫಲಕದಲ್ಲಿ ಎರಡು ಸಾಲು ಜಾಗ ಉಳಿದರೆ ದಯವಿಟ್ಟು ಇದನ್ನು ಸೇರಿಸಿ.

ಇನ್ನೊಂದು ಪದವನ್ನು ಯಾರೂ ಎತ್ತಲಿಲ್ಲ: ಒಕ್ಕಲೆಬ್ಬಿಸು. ಅಚ್ಚುಕಟ್ಟಾದ ಕನ್ನಡ ಪದ. ಆದರೆ ಅದರ ಜಾಗ 1942 ಅಲ್ಲ, 1940. ಆ ವರ್ಷದ ಅಕ್ಟೋಬರ್‌ನಲ್ಲಿ ಗೆಟ್ಟೊದ ಆದೇಶ ಹೊರಟಾಗ ಸುಮಾರು 1,38,000 ಯಹೂದಿಗಳು ಊರಿನ ಬೇರೆ ಭಾಗಗಳಲ್ಲಿದ್ದ ಮನೆಗಳನ್ನು ಬಿಟ್ಟು ಒಳಗೆ ಬರಬೇಕಾಯಿತು, ಸುಮಾರು 1,13,000 ಪೋಲಿಷರು ಅಲ್ಲಿಂದ ಹೊರಹೋಗಬೇಕಾಯಿತು. ಇದು ಒಕ್ಕಲೆಬ್ಬಿಸಿದ್ದು. ಎರಡು ವರ್ಷಗಳ ಅನಂತರ ನಡೆದದ್ದು ಕೊಲೆಗೆ ಸಾಗಿಸಿದ್ದು. ಎರಡಕ್ಕೂ ಒಂದೇ ಪದ ಹಾಕಿದರೆ ಒಂದು ಇನ್ನೊಂದರ ಹಿಂದೆ ಮರೆಯಾಗುತ್ತದೆ.

ಈಗ ಕೇರಿ. ಒಕ್ಕಲಗೇರಿ, ಬ್ರಾಹ್ಮಣಗೇರಿ, ಹೊಲಗೇರಿ ಎನ್ನುವಾಗ ಅಲ್ಲಿ ಜಾತಿಯ ಬೇಲಿ ಇದೆ, ಕ್ರೌರ್ಯವೂ ಇದೆ. ಆದರೂ ಕೇರಿ ಎಂದರೆ ಜನ ತಲೆತಲಾಂತರದಿಂದ ವಾಸವಿದ್ದು ಬೆಳಗ್ಗೆ ಎದ್ದು ಹೊರಗೆ ಕೆಲಸಕ್ಕೆ ಹೋಗಿಬರುವ ಜಾಗ. ವಾರ್ಸಾ ಗೆಟ್ಟೊವನ್ನು 1940ರ ನವೆಂಬರ್ 16ರಂದು ಮುಚ್ಚಿದರು. ಸುತ್ತ ಮೂರು ಮೀಟರ್ ಎತ್ತರದ ಗೋಡೆ ಎದ್ದಿತು, ಅದರ ಖರ್ಚನ್ನು ಯಹೂದಿ ಮಂಡಳಿಯ ತಲೆಗೇ ಕಟ್ಟಲಾಯಿತು. ಸುಮಾರು ಮೂರೂವರೆ ಚದರ ಕಿಲೊಮೀಟರಿನೊಳಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ತುಂಬಲಾಯಿತು. 1941ರ ಅಕ್ಟೋಬರ್‌ನ ಆದೇಶದ ಮೇಲೆ ಅನುಮತಿಯಿಲ್ಲದೆ ಹೊರಬಂದವರಿಗೆ ಮರಣದಂಡನೆ. ಇದನ್ನು ಕೇರಿ ಎಂದರೆ ಕನ್ನಡ ಓದುಗನ ಕಣ್ಣಿಗೆ ಕಟ್ಟುವುದು ಒಂದು ಬೀದಿ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ವಾರ್ಸಾದ ಜರ್ಮನ್ ಆಡಳಿತದ ಕಾಗದಪತ್ರಗಳಲ್ಲಿ ಇದರ ಅಧಿಕೃತ ಹೆಸರು "ಯಹೂದಿ ವಸತಿ ಪ್ರದೇಶ". 1943ರ ಮೇ ತಿಂಗಳಲ್ಲಿ ಎಲ್ಲವನ್ನೂ ಸುಟ್ಟು ಕೆಡವಿದ ಮೇಲೆ ಆ ಕಾರ್ಯಾಚರಣೆ ನಡೆಸಿದ ಎಸ್‌ಎಸ್ ಅಧಿಕಾರಿ ಯುರ್ಗನ್ ಸ್ಟ್ರೂಪ್ ಸಲ್ಲಿಸಿದ ವರದಿಯ ತಲೆಬರಹವೂ "ವಾರ್ಸಾದಲ್ಲಿ ಯಹೂದಿ ವಸತಿ ಪ್ರದೇಶ ಇನ್ನಿಲ್ಲ" ಎಂದೇ ಇತ್ತು. ಯಹೂದಿ ಕೇರಿ ಎಂದು ಬರೆದರೆ ನಾವು ಸ್ಟ್ರೂಪನ ಪದವನ್ನೇ ತಿಳಿಗನ್ನಡಕ್ಕೆ ಇಳಿಸಿದಂತಾಗುತ್ತದೆ. ಎರವಲು ಪದ ಇಲ್ಲಿ ಬೇಕಾಗಿರುವುದು ನಮ್ಮ ನಾಡಿನಲ್ಲಿ ಆ ವಸ್ತು ಇರಲಿಲ್ಲ ಎಂಬ ಕಾರಣಕ್ಕೆ.

ದಂಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರವಲನ್ನು ಅಷ್ಟು ಹಳಿದವರು ಅದನ್ನು ಸಲೀಸಾಗಿ ಒಪ್ಪಿದ್ದು ಆಶ್ಚರ್ಯ, ದಂಗೆಯೂ ಹಿಂದೂಸ್ತಾನಿಯಿಂದ ಬಂದದ್ದೇ. 1857ನ್ನು ಸಿಪಾಯಿ ದಂಗೆ ಎಂದು ಕರೆದವರು ಯಾರೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಸ್ಟ್ರೂಪ್ ಕೂಡ ಹೋರಾಟಗಾರರನ್ನು ಡಕಾಯಿತರು ಎಂದೇ ಬರೆದ. 1943ರ ಜನವರಿ 18ರಂದು ಜರ್ಮನರು ಎರಡನೇ ಬಾರಿ ಜನರನ್ನು ಹಿಡಿದು ಸಾಗಿಸಲು ಬಂದಾಗ ಯಹೂದಿ ಹೋರಾಟ ಸಂಘಟನೆಯ ನಾಯಕ ಮೊರ್ದೆಖಾಯ್ ಅನಿಯೆಲೆವಿಚ್ ಮತ್ತು ಸಂಗಡಿಗರು ಹಿಡಿದೊಯ್ಯುತ್ತಿದ್ದ ಸಾಲಿನೊಳಗೆ ಸೇರಿಕೊಂಡು ಕಾವಲಿನವರ ಮೇಲೆ ಪಿಸ್ತೂಲಿನಿಂದ ಗುಂಡು ಹಾರಿಸಿದರು. ಏಪ್ರಿಲ್ 19ರಂದು, ಪೆಸಹ ಹಬ್ಬದ ಹಿಂದಿನ ದಿನ, ಮೊದಲಾದ ಕಾಳಗ ಮೇ 16ರವರೆಗೆ ನಡೆಯಿತು. ಇದು ಬಂಡಾಯ.

ಆದರೆ ಪ್ರದರ್ಶನಕ್ಕೆಲ್ಲ ಒಟ್ಟಾಗಿ ಒಂದು ಹೆಸರು ಬೇಕಾದರೆ "ಪ್ರತಿರೋಧ" ಎನ್ನಿ, ಏಕೆಂದರೆ ಆಯುಧ ಹಿಡಿಯದವರೂ ಅದರಲ್ಲಿ ಸೇರಬೇಕು. ಇತಿಹಾಸಕಾರ ಎಮ್ಯಾನುವೆಲ್ ರಿಂಗೆಲ್‌ಬ್ಲುಮ್ ಕಟ್ಟಿದ "ಓಯ್ನೆಗ್ ಶಾಬೆಸ್" ಎಂಬ ಗುಪ್ತ ಬಳಗವು ಪಡಿತರ ಚೀಟಿಯಿಂದ ಹಿಡಿದು ಮಕ್ಕಳ ಶಾಲಾ ಪ್ರಬಂಧಗಳವರೆಗೆ ಎಲ್ಲವನ್ನೂ ಕೂಡಿಸಿಟ್ಟಿತು. ಟ್ರೆಬ್ಲಿಂಕಾದಿಂದ ತಪ್ಪಿಸಿಕೊಂಡು ಬಂದ ಅಬ್ರಾಮ್ ಕ್ಷೆಪಿಟ್ಸ್ಕಿ ಹೇಳಿದ್ದನ್ನು ರಾಖೆಲ್ ಔಎರ್‌ಬಾಖ್ ಬರೆದುಕೊಂಡರು. 1942ರ ಆಗಸ್ಟ್‌ನಲ್ಲಿ, ಹೊರಗೆ ಜನರನ್ನು ಹಿಡಿದೊಯ್ಯುತ್ತಿರುವಾಗಲೇ, ನೊವೊಲಿಪ್ಕಿ ಬೀದಿಯ ಶಾಲೆಯೊಂದರ ನೆಲಮಾಳಿಗೆಯಲ್ಲಿ ಹತ್ತು ತಗಡಿನ ಪೆಟ್ಟಿಗೆಗಳನ್ನು ಹೂಳಲಾಯಿತು. ಹೂಳಿದವರಲ್ಲಿ ಡಾವಿಡ್ ಗ್ರಾಬರ್‌ಗೆ ಆಗ 19 ವರ್ಷ. ಎರಡು ಹಾಲಿನ ಕ್ಯಾನುಗಳನ್ನು 1943ರಲ್ಲಿ ಹೂತರು. ಪೆಟ್ಟಿಗೆಗಳು 1946ರಲ್ಲಿ, ಕ್ಯಾನುಗಳು 1950ರಲ್ಲಿ ಸಿಕ್ಕಿದವು. ಯಹೂದಿ ಇತಿಹಾಸಕಾರರು ಇಂಥದ್ದಕ್ಕೆ ಬಳಸುವ ಹೀಬ್ರೂ ಪದ "ಅಮಿದಾ", ನಿಲ್ಲುವುದು ಎಂದರ್ಥ. ಎದುರು ನಿಂತರು ಎಂಬ ನಮ್ಮ ನುಡಿಗಟ್ಟು ಅದಕ್ಕೆ ಹತ್ತಿರದ್ದು, ಒಳಗಿನ ವಾಕ್ಯಗಳಲ್ಲಿ ಅದನ್ನು ಧಾರಾಳವಾಗಿ ಬಳಸಬಹುದು.

ಮರು:

ಸಾಗು ಕನ್ನಡದ ಧಾತು, ಒಪ್ಪಿದೆ. ಗೆಟ್ಟೊ ಒಪ್ಪಲಾರೆ. ಇಂದು ಗೆಟ್ಟೊ, ನಾಳೆ ಉಮ್‌ಶ್ಲಾಗ್‌ಪ್ಲಾಟ್ಸ್, ಆಮೇಲೆ ಹೊಲೊಕಾಸ್ಟ್. ನರಮೇಧ ಎಂಬ ಸೊಗಸಾದ ಪದವಿರುವಾಗ ಹೊಲೊಕಾಸ್ಟ್ ಬರೆಯುವವರಿಗೆ ನನ್ನ ಬಳಿ ಉತ್ತರವಿಲ್ಲ. ಪದವೊಂದು ಕನ್ನಡಕ್ಕೆ ಬರಬೇಕಾದರೆ ಕನ್ನಡದ ವೇಷ ತೊಡಲಿ.

ಮರು:

ಉಮ್‌ಶ್ಲಾಗ್‌ಪ್ಲಾಟ್ಸ್ ಅನ್ನು ಫಲಕದಲ್ಲಿ ಒಮ್ಮೆ ಮಾತ್ರ ಹೆಸರಾಗಿ ಕೊಟ್ಟು ಉಳಿದೆಡೆ ರೈಲು ಅಂಗಳ ಎಂದರೆ ಸಾಕು, ಅದರಲ್ಲಿ ನಮ್ಮಿಬ್ಬರ ನಡುವೆ ಜಗಳವಿಲ್ಲ.

ನರಮೇಧವನ್ನು ಮಾತ್ರ ಒಪ್ಪಲಾರೆ. ಮೇಧ ಎಂದರೆ ಯಜ್ಞ. ಅಶ್ವಮೇಧದಲ್ಲಿ ಕುದುರೆ ಹೇಗೋ ನರಮೇಧದಲ್ಲಿ ಮನುಷ್ಯ ಹಾಗೆ ದೇವತೆಗೆ ಅರ್ಪಿತವಾದ ಬಲಿ. ದಿನಪತ್ರಿಕೆಯ ಬಳಕೆಯಲ್ಲಿ ಆ ಅರ್ಥ ಸವೆದಿದೆ ಎಂದು ವಾದಿಸಬಹುದು, ಆದರೆ ವಿಚಿತ್ರವೆಂದರೆ ಹೊಲೊಕಾಸ್ಟ್‌ನ ಗ್ರೀಕ್ ಮೂಲದ ಅರ್ಥವೂ ಅದೇ, ಪೂರ್ತಿಯಾಗಿ ಸುಟ್ಟ ಬಲಿ. ಕನ್ನಡ ಬೈಬಲ್ ಅದನ್ನು ಸರ್ವಾಂಗಹೋಮ ಎನ್ನುತ್ತದೆ. ಈ ಕಾರಣಕ್ಕೇ ಅನೇಕ ಯಹೂದಿಗಳು ಆ ಪದವನ್ನು ಒಪ್ಪದೆ ಹೀಬ್ರೂವಿನಲ್ಲಿ "ಶೋಆ", ಅಂದರೆ ಮಹಾವಿಪತ್ತು, ಎಂದರು, ಯಿಡ್ಡಿಷ್ ಮಾತನಾಡುವವರು "ಖುರ್ಬನ್", ಅಂದರೆ ವಿನಾಶ, ಎಂದರು. ಕೊಂದವರು ಯಾವ ದೇವರಿಗೂ ಏನನ್ನೂ ಅರ್ಪಿಸಲಿಲ್ಲ. ಪೋಲೆಂಡಿನ ಯಹೂದಿ ನ್ಯಾಯಶಾಸ್ತ್ರಜ್ಞ ರಾಫೆಲ್ ಲೆಮ್ಕಿನ್ ಇದಕ್ಕೆ "ಜೆನೊಸೈಡ್" ಎಂಬ ಪದವನ್ನೇ ಹೊಸದಾಗಿ ಕಟ್ಟಿದರು, 1944ರಲ್ಲಿ ಅದು ಅಚ್ಚಾಯಿತು. ಕನ್ನಡದಲ್ಲಿ ಅದಕ್ಕೆ ಜನಾಂಗಹತ್ಯೆ ಇದೆ, ಸಂಸ್ಕೃತದ ವೇಷವೇ ಆದರೂ ಹೇಳಬೇಕಾದ್ದನ್ನು ಹೇಳುತ್ತದೆ. ಮೇಡಂ, ಮುನ್ನುಡಿ ಫಲಕದಲ್ಲಿ ಅದನ್ನೇ ಬಳಸಿ.

ವಿಭಕ್ತಿಯ ಒಂದು ಮಾತು ಉಳಿದಿದೆ. ಕೆಲವು ಕಡೆ ಟ್ರೆಬ್ಲಿಂಕಾಗೆ ಎಂದೂ ಕಾಣುತ್ತದೆ. ಊರಿನ ಹೆಸರು ನಪುಂಸಕಲಿಂಗವಾದ್ದರಿಂದ ನೀವು ಬರೆದಿರುವ ಟ್ರೆಬ್ಲಿಂಕಾಕ್ಕೆ ಎಂಬುದೇ ಸರಿ, ಎಲ್ಲ ಫಲಕಗಳಲ್ಲೂ ಹಾಗೆಯೇ ಇರಲಿ.