ಸೆರೆಯಲ್ಲಿ ಸತ್ತ ಸೈನಿಕ ನಮ್ಮವನಾ, ಅಲ್ವಾ?

ಕೋಡಿಬಾಗದ ಹುಡುಗ:
ನಿನ್ನೆ ಸಂಜೆ ಕಾರವಾರ ಬೀಚಿನಲ್ಲಿ ರಾಣೆಯವರ ಮೂರ್ತಿ ಹತ್ತಿರ ಕೂತು ಗೆಳೆಯರಿಗೆ ಕ್ಯಾಪ್ಟನ್ ಮತೀನ್ ಅನ್ಸಾರಿ ಕತೆ ಹೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಹೈದರಾಬಾದಿನವರು, ಬ್ರಿಟಿಷ್ ಇಂಡಿಯಾ ಸೈನ್ಯದ ರಜಪೂತ ರೆಜಿಮೆಂಟ್. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಬಿದ್ದಾಗ ಜಪಾನಿಯರ ಯುದ್ಧಕೈದಿಯಾದರು. ನಿಜಾಮರ ಸಂಬಂಧಿ ಅಂತ ಗೊತ್ತಾದ ಮೇಲೆ, ಬ್ರಿಟಿಷರನ್ನು ಬಿಟ್ಟು ನಮ್ಮ ಕಡೆ ಬಾ ಅಂತ ಒತ್ತಾಯ ಶುರುವಾಯಿತು. ಒಪ್ಪಲಿಲ್ಲ. ಜೈಲಿಗೆ ಹಾಕಿ ಚಿತ್ರಹಿಂಸೆ ಕೊಟ್ಟರು. ಕ್ಯಾಂಪಿಗೆ ವಾಪಸ್ ಬಂದವರು ಸುಮ್ನೆ ಕೂರದೆ, ಜೊತೆಯ ಕೈದಿಗಳು ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟರು. ಯಾರೋ ಸುಳಿವು ಕೊಟ್ಟುಬಿಟ್ಟರು. 1943ರ ಅಕ್ಟೋಬರ್ 29ರಂದು ಹಾಂಗ್‌ಕಾಂಗಿನ ಸ್ಟಾನ್ಲಿ ಅನ್ನುವಲ್ಲಿ, ಸಮುದ್ರದ ದಂಡೆ ಮೇಲೆ, 30ಕ್ಕೂ ಹೆಚ್ಚು ಜನರ ಜೊತೆ ತಲೆ ಕಡಿದರು. 1946ರಲ್ಲಿ ಜಾರ್ಜ್ ಕ್ರಾಸ್ ಅನ್ನುವ ಬ್ರಿಟಿಷ್ ಶೌರ್ಯ ಪದಕ ಬಂತು. ನಮ್ಮಲ್ಲಿ ಇವರ ಹೆಸರು ಯಾಕೆ ಯಾರೂ ಎತ್ತುವುದಿಲ್ಲ?

ಅಂಕೋಲೆಯವ:
ಕರುಳು ಚುರುಕ್ ಅಂತು. ಆದರೂ ಕೇಳುತ್ತೇನೆ. 1932ರಲ್ಲಿ ಕರ ಕೊಡುವುದಿಲ್ಲ ಅಂದಿದ್ದಕ್ಕೆ ನಮ್ಮ ಕಡೆ ರೈತರ ಜಮೀನು ಜಪ್ತಿ ಮಾಡಿದ ಸರ್ಕಾರ ಅದು. ಅದರ ಪದಕಕ್ಕೆ ನಾನ್ಯಾಕೆ ಹೆಮ್ಮೆ ಪಡಲಿ? ಸಿಂಗಪುರದಲ್ಲಿ ಸೆರೆ ಸಿಕ್ಕ ಸಾವಿರಾರು ಜನ ಆಜಾದ್ ಹಿಂದ್ ಫೌಜ್ ಸೇರಿದರಲ್ಲ, ಅವರು ನನಗೆ ಹತ್ತಿರ.

ಕೋಡಿಬಾಗದ ಹುಡುಗ:
ಹಾಗಾದರೆ ನಮ್ಮ ಚೆಂಡಿಯಾದ ರಾಮ ರಾಘೋಬ ರಾಣೆ? 1940ರಲ್ಲಿ ಸೇರಿದ್ದು ಅದೇ ಸೈನ್ಯ. ಬರ್ಮಾದಲ್ಲಿ ಕಾದಿದ್ದೂ ಅದೇ ಜಪಾನಿಯರ ಮೇಲೆ. ಹಾರ ಹಾಕುವಾಗ ಅದು ನೆನಪಾಗುವುದಿಲ್ಲ ಅಲ್ವಾ?

ಅಂಕೋಲೆಯವ:
ರಾಣೆಯವರು 1948ರಲ್ಲಿ ಜಮ್ಮು-ಕಾಶ್ಮೀರದ ರಜೌರಿ ದಾರಿಯಲ್ಲಿ ಹೂತಿದ್ದ ಮೈನ್ ತೆಗೆದು ಪರಮವೀರ ಚಕ್ರ ಪಡೆದರು ಮಾರಾಯ, ನಮ್ಮ ದೇಶಕ್ಕಾಗಿ. ಅದರ ಲೆಕ್ಕವೇ ಬೇರೆ.

ಶಿರಸಿ ಅಕ್ಕ:
1948ರವರೆಗೆ ಬದುಕಲು ಅನ್ಸಾರಿಯನ್ನು ಬಿಟ್ಟರಾ ತಮ್ಮಾ? ಸತ್ತಾಗ ಇನ್ನೂ ಮೂವತ್ತೂ ದಾಟಿರಲಿಲ್ಲ. ಮತ್ತೆ ಅವರು ದಾರಿ ಮಾಡಿಕೊಟ್ಟಿದ್ದು ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವರಿಗೆ. ಲಂಡನ್ನಿನ ರಾಜನಿಗಲ್ಲ.

ಕುಮಟಾದ ಮಾಜಿ ಸೈನಿಕ:
ನಮಗೆ ಕಲಿಸಿದ್ದು ಇಷ್ಟೇ. ಸೆರೆ ಸಿಕ್ಕರೆ ಹೆಸರು, ಹುದ್ದೆ, ಹುಟ್ಟಿದ ದಿನ, ಸೈನ್ಯದ ನಂಬರ್ ಹೇಳು. ಬೇರೇನೂ ಹೇಳಬೇಕಾಗಿಲ್ಲ. 1949ರ ಜಿನೀವಾ ಒಪ್ಪಂದದಲ್ಲಿ ಹಾಗೇ ಇದೆ. ಕಾಗದದಲ್ಲಿ! 1999ರ ಮೇ ತಿಂಗಳಲ್ಲಿ ಕಾರ್ಗಿಲ್ ಕಡೆ ಗಸ್ತಿಗೆ ಹೋಗಿ ಪಾಕಿಸ್ತಾನಿಯರಿಗೆ ಸೆರೆ ಸಿಕ್ಕ ನಮ್ಮ ಸೇನಾಧಿಕಾರಿ ಸೌರಭ್ ಕಾಲಿಯಾ ಮತ್ತೆ ಐದು ಜವಾನರ ಶವ ಜೂನ್ 9ಕ್ಕೆ ವಾಪಸ್ ಬಂತು. ಸೆರೆ ಸಿಕ್ಕ ಮೇಲೆ ಬಂದೂಕು ಇರುವುದಿಲ್ಲ, ಯುದ್ಧ ಮಾತ್ರ ಮುಗಿದಿರುವುದಿಲ್ಲ. ಯಾವ ಬಾವುಟ ಅಂತ ಆಮೇಲೆ ಜಗಳ ಮಾಡಿಕೊಳ್ಳಿ.

ಅಂಕೋಲೆಯವ:
ಪದಕದ ತಕರಾರು ನನ್ನದು ಹಾಗೇ ಇದೆ ಸರ್. ಆದರೆ ಹುಡುಗಾ, ಮುಂದಿನ ಸಲ ಬೀಚಿಗೆ ಹೋಗುವಾಗ ನನಗೂ ಫೋನ್ ಮಾಡು. ಪೂರ್ತಿ ಕತೆ ಕೇಳಬೇಕು.