ಸಿನಿಮಾ ಹಾಕಿದ ಹತ್ತು ನಿಮಿಷಕ್ಕೇ ನಿಲ್ಲಿಸುವಷ್ಟು ಸುಸ್ತು: ನಿಮಗೂ ಹೀಗಾಗಿತ್ತಾ?

ಪ್ರಶ್ನೆ, ಮೈಸೂರಿನ ವಿಜಯನಗರದಿಂದ

ಆರು ವರ್ಷದಿಂದ ಒಂದೇ ಕಂಪನಿಯಲ್ಲಿದ್ದೇನೆ. ಎಂಟು ತಿಂಗಳಿಂದ ರಾತ್ರಿ ಶಿಫ್ಟ್. ಮೊದಲೆಲ್ಲ ಕೆಲಸ ಅಂದರೆ ಇಷ್ಟ ಇತ್ತು. ಈಗ ಲ್ಯಾಪ್‌ಟಾಪ್ ತೆರೆಯುವಾಗಲೇ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಅಮ್ಮ ಮಾತಾಡಿಸಿದರೂ ರೇಗುತ್ತೇನೆ. ರಜೆ ದಿನ ಮನಸ್ಸು ಹಗುರಾಗಲಿ ಅಂತ ಸಿನಿಮಾ ಹಾಕುತ್ತೇನೆ, ಹತ್ತು ನಿಮಿಷಕ್ಕೆ ನಿಲ್ಲಿಸಿ ಇನ್ನೊಂದು ಹಾಕುತ್ತೇನೆ. ಯಾವುದೂ ಹಿಡಿಸಲ್ಲ. ಕೆಲಸದ ಒತ್ತಡಕ್ಕೆ ಬಸವಳಿಯುವುದನ್ನು ಬರ್ನ್‌ಔಟ್ ಅಂತಾರಲ್ಲ, ಇದೇ ಅದಾ? ಪೇಪರ್ ಹಾಕಿ ಕೆಲಸ ಬಿಟ್ಟುಬಿಡಲಾ? ಅನುಭವ ಇದ್ದವರು ಹೇಳಿ. ಇತ್ತೀಚಿನ ಒಳ್ಳೆಯ ಕನ್ನಡ ಸಿನಿಮಾ ಇದ್ದರೆ ಅದನ್ನೂ ಹೇಳಿ.

ಕುವೆಂಪುನಗರದಿಂದ

ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. 2025ರ ಮಾರ್ಚ್‌ನಲ್ಲಿ ನನ್ನ ಪಾಡೂ ಇದೇ ಆಗಿತ್ತು.

ಅಕೌಂಟ್ಸ್ ವಿಭಾಗದಲ್ಲಿದ್ದೆ. ವರ್ಷದ ಕೊನೆಯ ಲೆಕ್ಕ, ಅದರ ಮೇಲೆ ಆಡಿಟ್. ರಾತ್ರಿ ಹತ್ತರೊಳಗೆ ಮನೆ ಸೇರಿದ್ದೇ ನೆನಪಿಲ್ಲ. ಒಂದು ಬೆಳಿಗ್ಗೆ ಆಫೀಸಿನ ಪಾರ್ಕಿಂಗ್‌ನಲ್ಲಿ ಸ್ಕೂಟರ್ ನಿಲ್ಲಿಸಿದೆ. ಹೆಲ್ಮೆಟ್ ತೆಗೆಯಲು ಕೈಯೇ ಏಳಲಿಲ್ಲ. ನೋವಿರಲಿಲ್ಲ, ಜ್ವರ ಇರಲಿಲ್ಲ. ಹೆಲ್ಮೆಟ್ ಒಳಗೆ ನನ್ನದೇ ಉಸಿರಿನ ಸದ್ದು ಕೇಳುತ್ತಾ ಕೂತಿದ್ದೆ. ಸೆಕ್ಯುರಿಟಿಯವರು ಬಂದು ‘ಯಾಕ್ ಮೇಡಂ, ಹುಷಾರಿಲ್ವಾ?’ ಅಂದಾಗ ಗಡಿಯಾರ ನೋಡಿದೆ. ಇಪ್ಪತ್ತೈದು ನಿಮಿಷ ಕಳೆದಿತ್ತು.

ಆಗ ನಾನೂ ನಿಮ್ಮ ಹಾಗೆಯೇ ಸಿನಿಮಾವನ್ನು ಔಷಧಿ ಅಂದುಕೊಂಡಿದ್ದೆ. ನನಗೆ ಸಿನಿಮಾ ಅಂದ್ರೆ ಪ್ರಾಣ. ಸಂಗಂ ಟಾಕೀಸಿಗೆ ಅಪ್ಪನ ಕೈಹಿಡಿದು ಹೋಗಿ ಬೆಳೆದವಳು. ಅಂಥವಳಿಗೆ ಎರಡು ಗಂಟೆ ಒಂದು ಕಥೆ ನೋಡುತ್ತಾ ಕೂರಲು ಆಗುತ್ತಿರಲಿಲ್ಲ. ಈಗಿನ ಸಿನಿಮಾಗಳೇ ಸರಿಯಿಲ್ಲ ಅಂತ ಬೈಯುತ್ತಿದ್ದೆ. ಸಿನಿಮಾ ನೋಡುವುದಕ್ಕೂ ಮೈಯಲ್ಲಿ ಒಂಚೂರು ಕಸುವು ಬೇಕು, ಅಲ್ವಾ? ಯಾರೋ ಗೊತ್ತಿಲ್ಲದ ಪಾತ್ರದ ಮೇಲೆ ಅಕ್ಕರೆ ಹುಟ್ಟಬೇಕು, ಮುಂದೇನಾಯಿತು ಅನ್ನಿಸಬೇಕು. ನನ್ನಲ್ಲಿ ಅದೇ ಬತ್ತಿಹೋಗಿತ್ತು. ಹಾಗಾಗಿ ನಿಮಗೆ ಈಗಲೇ ಸಿನಿಮಾ ಪಟ್ಟಿ ಕೊಡಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ.

ನನ್ನ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12. ಬಿ12 ತುಂಬಾ ಕಡಿಮೆ ಇತ್ತು. ಸುಸ್ತಿಗೆಲ್ಲ ಕೆಲಸವೇ ಕಾರಣ ಅಂತ ನಾವೇ ತೀರ್ಮಾನ ಮಾಡಿಕೊಂಡರೆ ಇಂಥದ್ದು ತಪ್ಪಿಹೋಗುತ್ತದೆ. ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಏನೆಂದು ವಿವರಿಸಿದಾಗ ಅದನ್ನು ರೋಗ ಅನ್ನಲಿಲ್ಲ. ಕೆಲಸದ ಒತ್ತಡ ಸರಿಯಾಗಿ ನಿಭಾಯಿಸಲಾಗದೆ ಬಹಳ ಕಾಲ ಹಾಗೇ ಉಳಿದು ಬರುವ ಸ್ಥಿತಿ ಅಂದಿತು. ಗುರುತು ಮೂರು: ಪೂರ್ತಿ ಬಸವಳಿಯುವುದು, ಕೆಲಸದ ಬಗ್ಗೆ ಬೇಸರ ಬಂದು ದೂರ ಸರಿಯುವುದು, ಮೊದಲಿನ ಹಾಗೆ ಕೆಲಸ ಮಾಡಲಾಗುತ್ತಿಲ್ಲ ಅನ್ನಿಸುವುದು. ಕೇಳಿ ನನಗೆ ಅಳುವೇ ಬಂತು. ನಾನು ಸೋಮಾರಿಯಾಗಿಬಿಟ್ಟೆ ಅಂತ ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡಿದ್ದೆ.

ಮೂರು ವಾರ ರಜೆ ಹಾಕಿದೆ. ಮೊದಲ ವಾರ ಬರೀ ನಿದ್ದೆ. ಎರಡನೇ ವಾರ ತಂಗಿ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಎಳೆದುಕೊಂಡು ಹೋದಳು. ಅರ್ಧ ಸುತ್ತಿಗೇ ಬೆಂಚಿನ ಮೇಲೆ ಕೂತೆ. ಅವಳು ಬೇಗ ನಡಿ ಅನ್ನಲಿಲ್ಲ, ಪಕ್ಕದಲ್ಲಿ ಕೂತು ಹಕ್ಕಿ ನೋಡಿದಳು.

ಆ ವರ್ಷ ಜುಲೈ ಕೊನೆಗೆ ‘ಸು ಫ್ರಮ್ ಸೋ’ ಬಂತು. ತಂಗಿಯೇ ಟಿಕೆಟ್ ತೆಗೆದಳು. ಕರಾವಳಿಯ ಒಂದು ಊರು, ಒಬ್ಬ ಹುಡುಗನ ಮೈಮೇಲೆ ಸುಲೋಚನಾ ಅನ್ನೋ ಹೆಂಗಸಿನ ದೆವ್ವ ಬಂದಿದೆ ಅಂತ ಇಡೀ ಊರು ನಂಬುತ್ತದೆ. ಮೊದಲರ್ಧದಲ್ಲಿ ಎಲ್ಲೋ ಒಂದು ಕಡೆ ನಾನು ಜೋರಾಗಿ ನಕ್ಕೆ. ತಿರುಗಿದರೆ ತಂಗಿ ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ದ್ವಿತೀಯಾರ್ಧ ಭಾರ ಆಯಿತು ಅನ್ನುವವರಿದ್ದಾರೆ. ನನಗೆ ಅದೇ ಜಾಸ್ತಿ ಇಷ್ಟ. ನಗುತ್ತಾ ನಗುತ್ತಾ ಒಬ್ಬ ಹೆಣ್ಣುಮಗಳ ನಿಜವಾದ ಕಷ್ಟದ ಹತ್ತಿರ ತಂದು ನಿಲ್ಲಿಸುತ್ತಾರೆ ನಿರ್ದೇಶಕ ಜೆ.ಪಿ. ತುಮಿನಾಡು. ಒಬ್ಬನಿಗೆ ಏನೋ ಆದರೆ ಊರಿಗೆ ಊರೇ ಅವನ ಮನೆ ಮುಂದೆ ಬಂದು ನಿಲ್ಲುವುದಿದೆಯಲ್ಲ, ಅದನ್ನು ನೋಡಿ ಎದೆ ತುಂಬಿ ಬಂತು. ಸುಧಾರಿಸಿಕೊಂಡ ಮೇಲೆ ನೋಡಿ.

ಪೇಪರ್ ಹಾಕುವ ವಿಷಯ: ನಾನು ಹಾಕಿದೆ, ಆದರೆ ಅಕ್ಟೋಬರ್‌ನಲ್ಲಿ. ಚೆನ್ನಾಗಿ ನಿದ್ದೆ ಮಾಡಿ ಎದ್ದ ತಲೆಯಲ್ಲಿ ಯೋಚಿಸಿ, ಆರು ತಿಂಗಳ ಖರ್ಚಿಗೆ ದುಡ್ಡು ಎತ್ತಿಟ್ಟುಕೊಂಡು. ಮಾರ್ಚ್‌ನಲ್ಲೇ ಹಾಕಿದ್ದರೆ ಮನೆ ಸಾಲದ ಕಂತು ಕಟ್ಟಲಾಗದೆ ಸಿಕ್ಕ ಕೆಲಸಕ್ಕೆ ಸೇರುತ್ತಿದ್ದೆ.

ಮಂಡ್ಯದಿಂದ

ಅಕ್ಕ ಹೇಳಿದ್ದು ಅಷ್ಟೂ ನಿಜ. ನಾನು ನಾಲ್ಕು ವರ್ಷ ಮಂಡ್ಯದಿಂದ ಬೆಂಗಳೂರಿಗೆ ರೈಲಲ್ಲಿ ಅಪ್ ಅಂಡ್ ಡೌನ್ ಮಾಡಿದವನು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್, ರಾತ್ರಿ ಮನೆ ಸೇರುವಾಗ ಮಗಳು ಮಲಗಿರುತ್ತಿದ್ದಳು. ನನಗೆ ತಿಳಿ ಹೇಳಿದ್ದು ಡಾಕ್ಟರಲ್ಲ, ನಮ್ಮಪ್ಪ. ನಮ್ಮದು ಕಬ್ಬಿನ ಗದ್ದೆ. ಒಮ್ಮೆ ನಾಟಿ ಮಾಡಿ ಕಡಿದರೆ ಅದೇ ಬುಡದಿಂದ ಕೂಳೆ ಬರುತ್ತದೆ. ಮತ್ತೆ ನಾಟಿ ಖರ್ಚಿಲ್ಲ, ಹಾಗಂತ ಆಸೆಗೆ ಬಿದ್ದು ಕೂಳೆ ಮೇಲೆ ಕೂಳೆ ಬಿಟ್ಟರೆ ಇಳುವರಿ ಇಳಿಯುತ್ತಾ ಹೋಗುತ್ತದೆ. ಆಮೇಲೆ ಬುಡ ಕಿತ್ತು, ಬೇರೆ ಬೆಳೆ ಹಾಕಬೇಕು. ‘ನೀನು ಎಷ್ಟನೇ ಕೂಳೆಯಪ್ಪಾ?’ ಅಂತ ಕೇಳಿದರು. ಬದುವಿನ ಮೇಲೆ ನಿಂತಿದ್ದೆ, ಉತ್ತರ ಬರಲಿಲ್ಲ.

ಈಗ ಇಲ್ಲೇ ಹತ್ತಿರ ಕೆಲಸ. ಸಂಬಳ ಕಡಿಮೆ. ಮಗಳಿಗೆ ಜಡೆ ಹಾಕಲು ಕಲಿತಿದ್ದೇನೆ.

ಸಿನಿಮಾ ಅಂದರೆ ನನಗೆ 2022ರ ‘777 ಚಾರ್ಲಿ’. ಹಳೆಯದಾಯಿತು, ಆದರೂ ಹೇಳುತ್ತೇನೆ. ನಾಯಕ ಧರ್ಮ ಫ್ಯಾಕ್ಟರಿ ಕೆಲಸದವನು. ಕೆಲಸ, ಮನೆ, ಅದೇ ಇಡ್ಲಿ, ಯಾರ ಜೊತೆಗೂ ಮಾತಿಲ್ಲ. ಅವನಲ್ಲಿ ನನ್ನನ್ನೇ ಕಂಡೆ. ಎರಡೂಮುಕ್ಕಾಲು ಗಂಟೆಯ ಸಿನಿಮಾ, ಸ್ವಲ್ಪ ಕತ್ತರಿ ಹಾಕಬಹುದಿತ್ತು. ಕೊನೆಯಲ್ಲಿ ಬಹಳ ಅಳಿಸುತ್ತದೆ, ಒಬ್ಬರೇ ನೋಡಬೇಡಿ.

ಸರಸ್ವತಿಪುರಂನಿಂದ

ಬಳಲಿದ್ದು ನಾನಲ್ಲ, ನಮ್ಮ ಯಜಮಾನರು. ಸುಧಾರಿಸಿಕೊಂಡ ಮೇಲೆ ನೋಡಿ ಅಂದ ಮಾತು ನಾನು ಒಪ್ಪಲ್ಲ. ಅವರು ತೀರಾ ಕುಗ್ಗಿದ್ದಾಗ ನೋಡಿದ್ದು ‘ಸಪ್ತ ಸಾಗರದಾಚೆ ಎಲ್ಲೋ’ ಮೊದಲ ಭಾಗ. ಸ್ವಂತ ಮನೆ ಆಸೆಗೆ ನಾಯಕ ಮನು ಧಣಿಯ ಮನೆಯವರ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಜೈಲಿಗೆ ಹೋಗುತ್ತಾನೆ. ಮುಗಿದ ಮೇಲೆ ಇವರು ‘ನಾನೂ ಅದನ್ನೇ ಮಾಡ್ತಿದೀನಿ ಕಣೇ’ ಅಂದರು. ಮೂರು ತಿಂಗಳಲ್ಲಿ ಅವರು ಬಾಯಿಬಿಟ್ಟದ್ದು ಅದೇ ಮೊದಲು. ಎಲ್ಲರಿಗೂ ನಗುವ ಸಿನಿಮಾವೇ ಬೇಕು ಅಂತಿಲ್ಲ.

ನಿಮ್ಮಮ್ಮನಿಗೆ ವಿಷಯ ಹೇಳಿ. ರೇಗುತ್ತಿರುವುದು ಅವರ ಮೇಲಲ್ಲ ಅಂತ ಅವರಿಗೆ ಗೊತ್ತಾಗಬೇಕು. ನನಗೆ ಯಾರೂ ಹೇಳದೆ ಬಹಳ ದಿನ ನನ್ನದೇ ತಪ್ಪು ಅಂದುಕೊಂಡಿದ್ದೆ. ಮನಸ್ಸು ತುಂಬಾ ಕೆಟ್ಟಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ.

ಮತ್ತೆ ವಿಜಯನಗರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಮೂರೂ ಉತ್ತರ ಓದಿ ಹೇಳಿದೆ. ಕೂಳೆ ಕಬ್ಬಿನ ಮಾತು ಬಂದಾಗ ಅಮ್ಮ ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು, ಕಣ್ಣು ಕೆಂಪಾಗಿತ್ತು. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಇಬ್ಬರೂ ಹೋಗುತ್ತಿದ್ದೇವೆ. ಎರಡು ವಾರದ ರಜೆಗೆ ಮೇಲ್ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ರಜೆ ಕೊಡಲ್ಲ ಅಂದರೆ ಏನು ಮಾಡಿದಿರಿ ಅಂತ ಯಾರಾದರೂ ಹೇಳ್ತೀರಾ?