ಬೆಕ್ಕಿನ ಕಣ್ಣಿನ ತೊಂದರೆಗಳು: ಪಶುವೈದ್ಯರೊಂದಿಗೆ ಹಾಸನದ ಬೆಕ್ಕು ಸಾಕುವವರ ಪ್ರಶ್ನೋತ್ತರ

ಆಲೂರಿನ ಸದಸ್ಯೆ: ನಮಸ್ಕಾರ ಸರ್. ಒಂದು ತಿಂಗಳ ಮರಿಯ ಕಣ್ಣುಗಳು ಬೆಳಿಗ್ಗೆ ಗೀಜು ಕಟ್ಟಿ ಅಂಟಿಕೊಂಡಿರುತ್ತವೆ, ಸೀನೂ ಇದೆ.

ವೈದ್ಯರು: ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಒಂದೊಂದು ಕಣ್ಣಿಗೂ ಬೇರೆ ಹತ್ತಿಯಿಂದ ಒರೆಸಿ. ಹರ್ಪಿಸ್ ವೈರಾಣು ಇರಬಹುದು. ಬೇರೆ ಬೆಕ್ಕುಗಳಿಂದ ದೂರವಿಟ್ಟು, ನಾಳೆಯೇ ತೋರಿಸಿ.

ಸಕಲೇಶಪುರದ ಸದಸ್ಯರು: ಡಾಕ್ಟರೇ, ನಮ್ಮ ಹದಿಮೂರು ವರ್ಷದ ಬೆಕ್ಕು ನಿನ್ನೆಯಿಂದ ಕುರ್ಚಿಯ ಕಾಲಿಗೆ ಡಿಕ್ಕಿ ಹೊಡೆಯುತ್ತಿದೆ. ಬಿಸಿಲಿನಲ್ಲೂ ಪಾಪೆ ಕಿರಿದಾಗುವುದಿಲ್ಲ. ಇತ್ತೀಚೆಗೆ ನೀರು ಬಹಳ ಕುಡಿಯುತ್ತದೆ. ಪೊರೆ ಬಂದಿರಬಹುದೇ?

ವೈದ್ಯರು: ಪೊರೆ ಹೀಗೆ ರಾತ್ರಿ ಬೆಳಗಾಗುವಷ್ಟರಲ್ಲಿ ದೃಷ್ಟಿ ಕಳೆಯುವುದಿಲ್ಲ. ನೀವು ಹೇಳಿದ ಮೂರೂ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ, ಮೂತ್ರಪಿಂಡದ ಕಾಯಿಲೆಯಿಂದಲೋ ಥೈರಾಯ್ಡ್ ಏರಿಕೆಯಿಂದಲೋ ರಕ್ತದೊತ್ತಡ ಹೆಚ್ಚಿ, ಕಣ್ಣಿನ ಹಿಂಭಾಗದ ಅಕ್ಷಿಪಟಲ ಕಳಚಿಕೊಂಡಿರಬಹುದೆಂಬ ಆತಂಕ ನನಗಿದೆ. ಮುಂಗಾಲಿಗೆ ಅಥವಾ ಬಾಲಕ್ಕೆ ಪಟ್ಟಿ ಕಟ್ಟಿ ಒತ್ತಡ ಅಳೆಯುತ್ತಾರೆ. ಮೇಲಿನ ಅಂಕಿ 160 ದಾಟಿದರೆ ಹೆಚ್ಚು, 180 ಮುಟ್ಟಿದರೆ ಕಣ್ಣು, ಮೆದುಳು, ಹೃದಯಕ್ಕೆಲ್ಲ ಅಪಾಯ. ಆಮ್ಲೋಡಿಪಿನ್ ಮಾತ್ರೆಯಿಂದ ಒತ್ತಡವನ್ನು ಬೇಗ ಇಳಿಸಿದರೆ ಪಟಲ ಮರಳಿ ಕೂಡಿಕೊಂಡು ಸ್ವಲ್ಪವಾದರೂ ದೃಷ್ಟಿ ಬರುವುದುಂಟು, ಆದರೆ ಮನೆಯವರ ಬಿಪಿ ಮಾತ್ರೆಯನ್ನು ಮುರಿದು ಕೊಡಬೇಡಿ. ಒತ್ತಡ ಅಳೆಯುವ ಸಾಧನ ಇದೆಯೇ ಎಂದು ಮೊದಲೇ ಕೇಳಿಕೊಂಡು, ಹತ್ತಿರದಲ್ಲಿ ಇಲ್ಲದಿದ್ದರೆ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಇಂದೇ ಹೊರಡಿ.

ಅರಸೀಕೆರೆಯ ಸದಸ್ಯರು: ಇದು ಎಲ್ಲ ಗುಂಪುಗಳಲ್ಲೂ ಬಂದಿರುವ ಸಂದೇಶ: ನಂದಿಬಟ್ಟಲು ಹೂವಿನ ರಸವನ್ನು ಎದೆಹಾಲಿನಲ್ಲಿ ಬೆರೆಸಿ ಹಾಕಿದರೆ ಯಾವ ಕಣ್ಣಾದರೂ ವಾಸಿಯಾಗುತ್ತದೆ.

ಬೇಲೂರಿನ ಸದಸ್ಯೆ: ವೈದ್ಯರು ಇಷ್ಟು ವಿವರಿಸಿದ ಮೇಲೂ ಇದನ್ನು ಏಕೆ ಹಾಕುತ್ತೀರಿ?

ಅರಸೀಕೆರೆಯ ಸದಸ್ಯರು: ನಮ್ಮ ಅಜ್ಜಿ ಇದರಿಂದಲೇ ಎಷ್ಟೋ ಕಣ್ಣು ಉಳಿಸಿದ್ದಾರೆ, ತಾಯಿ. ಹಿರಿಯರನ್ನು ಹೀಗಳೆಯಬೇಡಿ.

ಬೇಲೂರಿನ ಸದಸ್ಯೆ: ನಾನು ಹೀಗಳೆದದ್ದು ಸಂದೇಶವನ್ನು, ಅಜ್ಜಿಯನ್ನಲ್ಲ.

ವೈದ್ಯರು: ಹೂವಿನ ರಸ, ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಯಾವುದನ್ನೂ ಹಾಕಬೇಡಿ. ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ (ಕಾರ್ನಿಯಾ) ಹುಣ್ಣಿದ್ದರೆ ಸೋಂಕು ಸೇರಿ, ಕಣ್ಣನ್ನೇ ತೆಗೆಯಬೇಕಾಗಬಹುದು. ಈ ಸಂದೇಶವನ್ನು ದಯವಿಟ್ಟು ಅಳಿಸಿ.

ಚನ್ನರಾಯಪಟ್ಟಣದ ಸದಸ್ಯರು: ಮರಿಯ ಕಣ್ಣಲ್ಲಿ ಗೀಜು ಬರುತ್ತಿದೆ, ಪರಿಹಾರ ತಿಳಿಸಿ.

ವೈದ್ಯರು: ಮೊದಲ ಉತ್ತರ ಓದಿ.

ಅರಕಲಗೂಡಿನ ಸದಸ್ಯೆ: ಎರಡೂ ಕಣ್ಣುಗಳ ಮೂಲೆಯಿಂದ ಬಿಳಿ ಪರದೆಯಂಥದ್ದು ಅರ್ಧ ಮುಚ್ಚಿದೆ, ಬೆಕ್ಕು ಮಂಕಾಗಿದೆ. ಜಂತುಹುಳುವಿನಿಂದ ಹೀಗಾಗುತ್ತದೆಯೇ?

ಅರಸೀಕೆರೆಯ ಸದಸ್ಯರು: ಅಳಿಸುವುದಿಲ್ಲ. ಎಲ್ಲರೂ ಹಾಸನಕ್ಕೆ ಓಡಲು ಆಗುವುದಿಲ್ಲ.

ಬೇಲೂರಿನ ಸದಸ್ಯೆ: ಹಾಗಾದರೆ ಕುರುಡಾದ ಬೆಕ್ಕಿನ ಹೊಣೆಯನ್ನೂ ನೀವೇ ಹೊರಿ.

ಹೊಳೆನರಸೀಪುರದ ಸದಸ್ಯರು: ಜಗಳದ ನಂತರ ನಮ್ಮ ಬೆಕ್ಕು ಒಂದು ಕಣ್ಣು ಕಿವುಚಿಕೊಂಡಿದೆ. ತಂದೆಯವರ ಪೊರೆ ಶಸ್ತ್ರಚಿಕಿತ್ಸೆಯ ಹನಿಮದ್ದು ಉಳಿದಿದೆ, ಹಾಕಬಹುದೇ?

ವೈದ್ಯರು: ಬೇಡ. ಕಣ್ಣು ಕಿವುಚುವುದು ನೋವಿನ ಗುರುತು. ಅಂಥ ಹನಿಮದ್ದಿನಲ್ಲಿ ಸಾಮಾನ್ಯವಾಗಿ ಸ್ಟೆರಾಯ್ಡ್ ಇರುತ್ತದೆ. ಉಗುರು ತಾಗಿ ಹುಣ್ಣಾಗಿದ್ದರೆ ಅದು ಇನ್ನೂ ಆಳವಾಗುತ್ತದೆ. ಫ್ಲೋರೆಸೀನ್ ಬಣ್ಣ ಹಾಕಿ ನೋಡಿದರೆ ಹುಣ್ಣು ಹಸಿರಾಗಿ ಕಾಣುತ್ತದೆ. ಆ ಪರೀಕ್ಷೆ ಆಗದೆ ಮದ್ದು ಹಾಕಬಾರದು.

ಹೊಳೆನರಸೀಪುರದ ಸದಸ್ಯರು: ಈ ರಾತ್ರಿ ಒಂದೇ ಹನಿ ಹಾಕಿದರೆ?

ವೈದ್ಯರು: ಒಂದು ಹನಿಯೂ ಬೇಡ. ಕೆರೆದುಕೊಳ್ಳದಂತೆ ತಲೆಯ ಸುತ್ತ ಬರುವ ಕೋನ್ ಆಕಾರದ ಕೊರಳಪಟ್ಟಿ ಹಾಕಿ, ಬೆಳಿಗ್ಗೆ ಕರೆದೊಯ್ಯಿರಿ.